ಭೋರ್ ಸಮಿತಿ ಮತ್ತು ಸಾರ್ವತ್ರಿಕ ಸರ್ಕಾರಿ ವೈದ್ಯಸೇವೆಯ ಪ್ರಶ್ನೆ: 1938–1961

ಭಾರತದ ಆರೋಗ್ಯ ವ್ಯವಸ್ಥೆಯ ಚರಿತ್ರೆಯನ್ನು ಭೋರ್ ಸಮಿತಿಯ ವರದಿಯಿಂದ ಆರಂಭಿಸುವುದು ವಾಡಿಕೆ. ವರದಿಯನ್ನು ಸ್ವತಂತ್ರ ಸರ್ಕಾರ ತಾತ್ವಿಕವಾಗಿ ಒಪ್ಪಿತು, ಹಣದ ಅಭಾವದಿಂದ ಅದು ಪೂರ್ಣವಾಗಿ ಜಾರಿಗೆ ಬರಲಿಲ್ಲ ಎಂಬುದು ಸಾಮಾನ್ಯವಾಗಿ ದೊರೆಯುವ ವಿವರಣೆ. ಈ ವಿವರಣೆಯಲ್ಲಿ ಸತ್ಯಾಂಶವಿದ್ದರೂ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ. ಪ್ರಜೆಗಳೆಲ್ಲರಿಗೂ ಸರ್ಕಾರವೇ ಚಿಕಿತ್ಸೆ ಒದಗಿಸಬೇಕೆ, ಒದಗಿಸುವುದಾದರೆ ಅದರ ವೆಚ್ಚ ತೆರಿಗೆಯಿಂದ ಬರಬೇಕೆ ಇಲ್ಲವೆ ವಿಮೆಯಿಂದ ಬರಬೇಕೆ, ವೈದ್ಯನು ಸರ್ಕಾರದ ನೌಕರನಾಗಬೇಕೆ ಎಂಬ ಪ್ರಶ್ನೆಗಳು 1940ರ ದಶಕದಲ್ಲಿ ಗಂಭೀರವಾಗಿ ಎದ್ದಿದ್ದವು. ಅವುಗಳಿಗೆ ದೊರೆತ ಉತ್ತರಗಳೂ, ದೊರೆಯದೆ ಉಳಿದ ಉತ್ತರಗಳೂ ಮುಂದಿನ ವ್ಯವಸ್ಥೆಯನ್ನು ರೂಪಿಸಿದವು.

ಚರ್ಚೆಯ ಮೂಲ ಭೋರ್ ಸಮಿತಿಗಿಂತ ಹಿಂದಕ್ಕೆ ಹೋಗುತ್ತದೆ. 1938ರಲ್ಲಿ ಕಾಂಗ್ರೆಸ್ಸು ಜವಾಹರಲಾಲ್ ನೆಹರೂ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಯೋಜನಾ ಸಮಿತಿಯನ್ನು ರಚಿಸಿತು. ಅದರ ಆರೋಗ್ಯ ಉಪಸಮಿತಿಗೆ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ನಿರ್ದೇಶಕರಾಗಿದ್ದ ಕರ್ನಲ್ ಸಾಹಿಬ್ ಸಿಂಗ್ ಸೋಖೆ ಅಧ್ಯಕ್ಷರಾಗಿದ್ದರು. ಪ್ರತಿ ಸಾವಿರ ಜನಸಂಖ್ಯೆಗೆ ತರಬೇತಿ ಪಡೆದ ಒಬ್ಬ ಆರೋಗ್ಯ ಕಾರ್ಯಕರ್ತನಿರಬೇಕೆಂಬುದು ಆ ಉಪಸಮಿತಿಯ ಸೂಚನೆ. ಹಳ್ಳಿಯಿಂದ ಮೇಲಕ್ಕೆ ಕಟ್ಟಬೇಕಾದ ವ್ಯವಸ್ಥೆಯ ಕಲ್ಪನೆ ಅದರಲ್ಲಿತ್ತು. ಉಪಸಮಿತಿಯ ವರದಿ ಅಚ್ಚಾಗಿ ಹೊರಬರುವಾಗ 1948ನೆಯ ಇಸವಿ. ಆ ವೇಳೆಗೆ ಭೋರ್ ವರದಿ ರಂಗವನ್ನು ಆಕ್ರಮಿಸಿಯಾಗಿತ್ತು.

ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದು ನಿವೃತ್ತರಾಗಿದ್ದ ಸರ್ ಜೋಸೆಫ್ ಭೋರ್ ಅವರ ನೇತೃತ್ವದಲ್ಲಿ ಆರೋಗ್ಯ ಸಮೀಕ್ಷಾ ಮತ್ತು ಅಭಿವೃದ್ಧಿ ಸಮಿತಿ ನೇಮಕಗೊಂಡದ್ದು 1943ರ ಅಕ್ಟೋಬರಿನಲ್ಲಿ, ಅಂದರೆ ಬಂಗಾಳದ ಕ್ಷಾಮದ ನಡುವೆ. ಬ್ರಿಟನ್ನಿನಲ್ಲಿ ಬೆವರಿಜ್ ವರದಿ ಪ್ರಕಟವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮದರಾಸಿನ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್, ಕಲ್ಕತ್ತೆಯ ಬಿ. ಸಿ. ರಾಯ್, ಕಾರ್ಮಿಕ ನಾಯಕ ಎನ್. ಎಂ. ಜೋಶಿ, ಸಾರ್ವಜನಿಕ ಆರೋಗ್ಯ ತಜ್ಞ ಜೆ. ಬಿ. ಗ್ರಾಂಟ್ ಮೊದಲಾದವರು ಸದಸ್ಯರಾಗಿದ್ದರು. ಹೊರದೇಶಗಳಿಂದ ಬಂದ ಸಲಹೆಗಾರರಲ್ಲಿ ಆಕ್ಸ್‌ಫರ್ಡಿನ ಜಾನ್ ರೈಲ್ ಹಾಗೂ ವೈದ್ಯ ಚರಿತ್ರಕಾರ ಹೆನ್ರಿ ಸಿಗರಿಸ್ಟ್ ಇದ್ದರು. ಸಿಗರಿಸ್ಟ್ ಸೋವಿಯತ್ ವೈದ್ಯ ವ್ಯವಸ್ಥೆಯನ್ನು ಮೆಚ್ಚಿ 1937ರಲ್ಲಿ ಗ್ರಂಥ ಬರೆದಿದ್ದವರು. ಭಾರತದಲ್ಲಿ ವೈದ್ಯ ಚರಿತ್ರೆಯ ಅಧ್ಯಯನಕ್ಕೆ ಒಂದು ಸಂಸ್ಥೆ ಬೇಕೆಂದೂ ಅವರು ಪ್ರತಿಪಾದಿಸಿದರು. ಆಸ್ಪತ್ರೆ, ಹಾಸಿಗೆಗಳ ಲೆಕ್ಕಾಚಾರದ ನಡುವೆ ಈ ಸಲಹೆ ಯಾರ ಗಮನವನ್ನೂ ಹೆಚ್ಚು ಸೆಳೆಯದಿದ್ದುದು ಸಹಜ.

1946ರಲ್ಲಿ ನಾಲ್ಕು ಸಂಪುಟಗಳಲ್ಲಿ ಹೊರಬಂದ ವರದಿಯ ಅಂಕಿಅಂಶಗಳು ಇಂದಿಗೂ ಓದುಗನನ್ನು ತಲ್ಲಣಗೊಳಿಸುತ್ತವೆ. ಬ್ರಿಟಿಷ್ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 162 ಶಿಶುಗಳು ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು. ಸರಾಸರಿ ಆಯುಷ್ಯ 27 ವರ್ಷವನ್ನೂ ಮುಟ್ಟುತ್ತಿರಲಿಲ್ಲ. 6,300 ಜನರಿಗೆ ಒಬ್ಬ ವೈದ್ಯ, 43,000 ಜನರಿಗೆ ಒಬ್ಬ ದಾದಿ, ಸಾವಿರ ಜನರಿಗೆ 0.24 ಹಾಸಿಗೆ. ಅಂದರೆ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಗೆ ಆಸ್ಪತ್ರೆಯಲ್ಲಿ ಒಂದೇ ಹಾಸಿಗೆ ಇತ್ತು.

ಹಣ ತೆರಲಾಗದ ಕಾರಣದಿಂದ ಯಾರೊಬ್ಬರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬುದು ಸಮಿತಿಯ ಮೂಲ ತತ್ತ್ವವಾಗಿತ್ತು. ಇದನ್ನು ಸಾಧಿಸುವ ಮಾರ್ಗದಲ್ಲಿ ಅದು ಕೈಗೊಂಡ ನಿರ್ಣಯ ಇನ್ನೂ ಮಹತ್ವದ್ದು. ಬಡವರಿಗೆ ಉಚಿತ, ಉಳ್ಳವರಿಗೆ ಶುಲ್ಕ ಎಂಬ ವಿಂಗಡಣೆಯನ್ನು ಸಮಿತಿ ಒಪ್ಪಲಿಲ್ಲ. ಸೇವೆ ಎಲ್ಲರಿಗೂ ಉಚಿತವಾಗಿರಲಿ, ಉಳ್ಳವರ ಪಾಲು ತೆರಿಗೆಯ ಮೂಲಕ ಬರಲಿ ಎಂಬುದು ಅದರ ನಿಲುವು. ಕಾರ್ಮಿಕರಿಗಾಗಿ ಆರೋಗ್ಯ ವಿಮೆಯ ಯೋಜನೆಯನ್ನು ಬಿ. ಪಿ. ಅದರ್ಕರ್ 1944ರಲ್ಲಿ ಸಲ್ಲಿಸಿದ್ದರು. ವೇತನ ಪಡೆಯುವ ಕಾರ್ಖಾನೆ ಕೆಲಸಗಾರನಿಂದ ವಂತಿಗೆ ಸಂಗ್ರಹಿಸಬಹುದು. ಮಳೆಯನ್ನು ನಂಬಿದ ಬೇಸಾಯಗಾರನಿಂದಲೂ ಭೂಮಿಯಿಲ್ಲದ ಕೂಲಿಯಿಂದಲೂ ಪ್ರತಿ ತಿಂಗಳು ಸಂಗ್ರಹಿಸುವುದು ಹೇಗೆ? ದೇಶದ ಬಹುಪಾಲು ಜನ ಈ ಎರಡನೆಯ ವರ್ಗಕ್ಕೇ ಸೇರಿದ್ದರು.

ಯೋಜನೆಗೆ ಎರಡು ಹಂತಗಳಿದ್ದವು. ಮೊದಲ ಹತ್ತು ವರ್ಷಗಳಲ್ಲಿ 40,000 ಜನರಿಗೆ ಒಂದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರ ಸ್ಥಾಪಿಸಿ, ಸಾವಿರ ಜನರಿಗೆ 1.03 ಹಾಸಿಗೆ ಒದಗಿಸುವುದು ಅಲ್ಪಾವಧಿಯ ಗುರಿ. ದೀರ್ಘಾವಧಿಯಲ್ಲಿ 10,000ದಿಂದ 20,000 ಜನರಿಗೆ 75 ಹಾಸಿಗೆಗಳ ಆಸ್ಪತ್ರೆ, ಅದರ ಮೇಲೆ 650 ಹಾಸಿಗೆಗಳ ಆಸ್ಪತ್ರೆ, ಜಿಲ್ಲೆಯಲ್ಲಿ 2,500 ಹಾಸಿಗೆಗಳ ಆಸ್ಪತ್ರೆ. ಆಗ ಸಾವಿರ ಜನರಿಗೆ 5.67 ಹಾಸಿಗೆ ದೊರೆಯುತ್ತಿತ್ತು. ಪ್ರತಿ ಹಳ್ಳಿಯಲ್ಲಿಯೂ ಗ್ರಾಮಸ್ಥರ ಆರೋಗ್ಯ ಸಮಿತಿ ಇರಬೇಕೆಂದು ವರದಿ ಹೇಳಿತು. ಇಂಥ ಪ್ರಯೋಗಗಳು ದೇಶಕ್ಕೆ ತೀರ ಹೊಸವಾಗಿರಲಿಲ್ಲ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಬಂಗಾಳದ ಸಿಂಗೂರು, ತಿರುವಾಂಕೂರಿನ ನೆಯ್ಯಾಟ್ಟಿನ್‌ಕರ ಮುಂತಾದೆಡೆ ಗ್ರಾಮೀಣ ಆರೋಗ್ಯ ಘಟಕಗಳು ನಡೆದಿದ್ದವು. ಮೈಸೂರು ಸಂಸ್ಥಾನದ ಮಂಡ್ಯವೂ ಅವುಗಳಲ್ಲೊಂದು. ಭೋರ್ ಸಮಿತಿಯ ಅಂಕಿಅಂಶಗಳು ಮುಖ್ಯವಾಗಿ ಬ್ರಿಟಿಷ್ ಭಾರತದವು. ಹೀಗಾಗಿ ಧಾರವಾಡ, ವಿಜಾಪುರಗಳು ಮುಂಬಯಿಯ ಲೆಕ್ಕದಲ್ಲಿ, ಮಂಗಳೂರು ಮದರಾಸಿನ ಲೆಕ್ಕದಲ್ಲಿ ಸೇರಿದರೆ, ಮೈಸೂರು ಮತ್ತು ಕಲಬುರಗಿ ಸೀಮೆಗಳು ಆ ಚಿತ್ರದ ಹೊರಗುಳಿದವು. ಏಕೀಕರಣಪೂರ್ವ ಕನ್ನಡ ನಾಡಿನ ಆರೋಗ್ಯ ಸ್ಥಿತಿಯನ್ನು ಒಟ್ಟಾಗಿ ತಿಳಿಯಬಯಸುವ ಸಂಶೋಧಕನಿಗೆ ಇದು ದೊಡ್ಡ ತೊಡಕು.

ಸಮಿತಿಯೊಳಗಿನ ತೀವ್ರ ಭಿನ್ನಾಭಿಪ್ರಾಯ ತೆರಿಗೆಯ ಬಗ್ಗೆ ಇರದೆ ವೈದ್ಯನ ಅರ್ಹತೆಯ ಬಗ್ಗೆ ಇತ್ತೆಂಬುದು ಗಮನಾರ್ಹ. ಅಲ್ಪಾವಧಿ ತರಬೇತಿಯ ಲೈಸೆನ್ಷಿಯೇಟ್ ವೈದ್ಯರನ್ನು ಮುಂದೆ ತಯಾರಿಸಬಾರದು, ವಿಶ್ವವಿದ್ಯಾನಿಲಯದ ಪದವೀಧರನಾದ ಒಂದೇ ಬಗೆಯ ವೈದ್ಯನಿರಬೇಕೆಂದು ಬಹುಮತ ಹೇಳಿತು. ಹಳ್ಳಿಗಳಿಗೆ ಹೋಗುವವರು ಯಾರೆಂಬ ಆತಂಕದಿಂದ ಕೆಲವು ಸದಸ್ಯರು ಭಿನ್ನಮತ ದಾಖಲಿಸಿದರು. ಈ ವಿಷಯದಲ್ಲಿ ಅಲ್ಪಮತದವರೇ ಹೆಚ್ಚು ದೂರದೃಷ್ಟಿಯವರಾಗಿದ್ದರೆಂದು ಹೇಳಬೇಕಾಗುತ್ತದೆ. ಪದವೀಧರ ವೈದ್ಯ ಪಟ್ಟಣದಲ್ಲಿಯೇ ಉಳಿದ. ಅವನ ಜಾಗ ತುಂಬಬಹುದಾಗಿದ್ದ ಲೈಸೆನ್ಷಿಯೇಟರ ಸಂತತಿ ನಿಂತುಹೋಯಿತು. ದೇಶೀಯ ವೈದ್ಯ ಪದ್ಧತಿಗಳ ಬಗ್ಗೆ ಸಮಿತಿ ಸ್ಪಷ್ಟ ನಿಲುವು ತಾಳದೆ ಪ್ರಾಂತಗಳಿಗೆ ಬಿಟ್ಟಿತು. ಆ ವಿಷಯಕ್ಕೆಂದೇ 1946ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಸಮಿತಿ ನೇಮಕಗೊಂಡು, 1948ರಲ್ಲಿ ಎರಡೂ ಪದ್ಧತಿಗಳ ಸಮನ್ವಯವನ್ನು ಶಿಫಾರಸು ಮಾಡಿತು. ಗ್ರಾಮೀಣ ಜನರ ಪಾಲಿಗೆ ನಿಜವಾಗಿ ಲಭ್ಯನಿದ್ದ ವೈದ್ಯ ಪಂಡಿತನೊ ಹಕೀಮನೊ ಆಗಿದ್ದುದರಿಂದ ಇದು ಪಕ್ಕಕ್ಕಿಡಬಹುದಾದ ಪ್ರಶ್ನೆಯಾಗಿರಲಿಲ್ಲ.

ಪೂರ್ಣಾವಧಿ ಸರ್ಕಾರಿ ವೈದ್ಯರು ಖಾಸಗಿ ವೃತ್ತಿ ನಡೆಸಕೂಡದೆಂದೂ ವರದಿ ಹೇಳಿತ್ತು. ಬ್ರಿಟನ್ನಿನಲ್ಲಿ ಇಂಥದೇ ಪ್ರಶ್ನೆ ಬೀದಿಗೆ ಬಂದಿತು. 1948ರ ಫೆಬ್ರವರಿಯಲ್ಲಿ ಅಲ್ಲಿನ ವೈದ್ಯ ಸಂಘ ನಡೆಸಿದ ಮತಗಣನೆಯಲ್ಲಿ ಬಹುಸಂಖ್ಯಾತ ವೈದ್ಯರು ಯೋಜನೆಯನ್ನು ವಿರೋಧಿಸಿದರು. ಸಚಿವ ಅನ್ಯೂರಿನ್ ಬೆವನ್ ಖಾಸಗಿ ವೃತ್ತಿಗೆ ಅವಕಾಶವಿತ್ತು, ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದರು. ಭಾರತದಲ್ಲಿ ಅಂಥ ನೇರ ಸಂಘರ್ಷ ನಡೆಯಲಿಲ್ಲ. ಖಾಸಗಿ ವೈದ್ಯರನ್ನು ತನ್ನ ಸೇವೆಯೊಳಗೆ ತರುವ ಪ್ರಯತ್ನವನ್ನೇ ಸರ್ಕಾರ ಮಾಡದಿದ್ದುದರಿಂದ ಅವರಿಗೆ ವಿರೋಧಿಸುವ ಅಗತ್ಯ ಬೀಳಲಿಲ್ಲ. ಎದುರಾಳಿಯಿಲ್ಲದ ಯೋಜನೆಗೆ ಹೋರಾಡುವ ಪಕ್ಷವೂ ಇರಲಿಲ್ಲ.

ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿ ಸೇರಿದವು. 47ನೆಯ ಅನುಚ್ಛೇದವು ಆರೋಗ್ಯ ಸುಧಾರಣೆಯನ್ನು ರಾಜ್ಯದ ಪ್ರಾಥಮಿಕ ಕರ್ತವ್ಯಗಳಲ್ಲಿ ಒಂದೆಂದು ಘೋಷಿಸಿದರೂ, ನಿರ್ದೇಶಕ ತತ್ತ್ವವಾದ ಕಾರಣ ನ್ಯಾಯಾಲಯದ ಮೂಲಕ ಅದನ್ನು ಜಾರಿಗೊಳಿಸುವಂತಿರಲಿಲ್ಲ. ಇತ್ತ ಭೋರ್ ಸಮಿತಿ ಬದಿಗಿರಿಸಿದ್ದ ವಿಮೆಯೇ ಮೊದಲು ಕಾರ್ಯರೂಪಕ್ಕೆ ಬಂದಿತು. ಕಾರ್ಮಿಕರ ರಾಜ್ಯ ವಿಮಾ ಶಾಸನ 1948ರಲ್ಲಿ ಅಂಗೀಕಾರಗೊಂಡು, 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಯೋಜನೆ ಆರಂಭವಾಯಿತು. 1954ರಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ಪ್ರತ್ಯೇಕ ಆರೋಗ್ಯ ಯೋಜನೆ ದೊರೆಯಿತು. ಒತ್ತಾಯಿಸುವ ಶಕ್ತಿಯುಳ್ಳ ಎರಡು ವರ್ಗಗಳು ಹೀಗೆ ತಮ್ಮ ವ್ಯವಸ್ಥೆಯನ್ನು ಪಡೆದು ಸಾಮಾನ್ಯ ಸೇವೆಯಿಂದ ಬೇರೆಯಾದವು. ನಿಯಮ ರೂಪಿಸುವ ಅಧಿಕಾರಿಯ ಕುಟುಂಬ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾದ ಪ್ರಸಂಗ ತಪ್ಪಿತು. ಹಣದ ಅಭಾವದಷ್ಟೇ ಈ ಬೇರ್ಪಡೆಯೂ ಸಾರ್ವತ್ರಿಕ ಸೇವೆಯ ಕಲ್ಪನೆಯನ್ನು ದುರ್ಬಲಗೊಳಿಸಿತು.

ಹಳ್ಳಿಗಳ ಪಾಲಿಗೆ ಬಂದದ್ದು 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಪ್ರಾಥಮಿಕ ಆರೋಗ್ಯ ಕೇಂದ್ರ. ಅರವತ್ತು ಸಾವಿರಕ್ಕೂ ಮೀರಿದ ಜನರಿರುವ ಒಂದು ಬ್ಲಾಕಿಗೆ ಒಂದು ಕೇಂದ್ರ, ಅದರಲ್ಲಿ ಆರು ಹಾಸಿಗೆ. 1959ರಲ್ಲಿ ಸ್ಥಿತಿಗತಿಯ ಪುನರ್ವಿಮರ್ಶೆಗೆ ನೇಮಕಗೊಂಡ ಸಮಿತಿಗೆ ಅಧ್ಯಕ್ಷರಾದವರು ಭೋರ್ ಸಮಿತಿಯ ಸದಸ್ಯರಾಗಿದ್ದ ಲಕ್ಷ್ಮಣಸ್ವಾಮಿ ಮುದಲಿಯಾರರೇ. 1961ರ ಅವರ ವರದಿ ಹೊಸ ಕೇಂದ್ರಗಳನ್ನು ತೆರೆಯುವುದಕ್ಕಿಂತ ಇರುವವನ್ನು ಬಲಪಡಿಸುವುದು ಮೇಲೆಂದಿತು. ಒಂದು ಕೇಂದ್ರದ ವ್ಯಾಪ್ತಿ 40,000 ಜನರನ್ನು ಮೀರಬಾರದೆಂದೂ ಹೇಳಿತು. ಹದಿನೈದು ವರ್ಷಗಳ ಹಿಂದೆ ತಾತ್ಕಾಲಿಕ ಮೊದಲ ಮೆಟ್ಟಿಲೆಂದು ಅವರೂ ಸೇರಿ ನಿಗದಿಪಡಿಸಿದ್ದ ಸಂಖ್ಯೆ ಈಗ ತಲುಪಬೇಕಾದ ಗುರಿಯಾಗಿತ್ತು.

ಮುಂದಿನ ದಶಕಗಳ ವಿವರ ಈ ಪ್ರಬಂಧದ ವ್ಯಾಪ್ತಿಗೆ ಹೊರತಾದುದು. ಆದರೂ 1940ರ ದಶಕದ ಪ್ರಶ್ನೆಗಳು ಹೊಸ ರೂಪಗಳಲ್ಲಿ ಮರಳಿದುದನ್ನು ಗುರುತಿಸಬಹುದು. ವಂತಿಗೆ ಸಂಗ್ರಹ ಅಸಾಧ್ಯವೆನಿಸಿದ್ದ ರೈತ ಸಮುದಾಯದಲ್ಲಿಯೇ ಕರ್ನಾಟಕವು 2003ರಲ್ಲಿ ಸಹಕಾರ ಸಂಘಗಳ ಮೂಲಕ ಯಶಸ್ವಿನಿ ಯೋಜನೆಯನ್ನು ಆರಂಭಿಸಿತು. ಖಾಸಗಿ ಆಸ್ಪತ್ರೆಗಳ ನಿಯಂತ್ರಣ ಕುರಿತ ತಿದ್ದುಪಡಿ ಮಸೂದೆಯನ್ನು ವಿರೋಧಿಸಿ 2017ರ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಮಸೂದೆ ಸಡಿಲಗೊಂಡು ಅಂಗೀಕಾರವಾಯಿತು. 2023ರಲ್ಲಿ ರಾಜಸ್ಥಾನವು ಆರೋಗ್ಯ ಹಕ್ಕಿನ ಕಾಯ್ದೆಯನ್ನು ತಂದಾಗಲೂ ಅಲ್ಲಿನ ಖಾಸಗಿ ವೈದ್ಯರು ಬೀದಿಗಿಳಿದರು. ತುರ್ತು ಚಿಕಿತ್ಸೆಯನ್ನು ಮುಂಗಡ ಹಣವಿಲ್ಲದೆ ನೀಡಿದಾಗ ಅದರ ವೆಚ್ಚವನ್ನು ಯಾರು, ಹೇಗೆ ಭರಿಸಬೇಕು ಎಂಬುದು ಅವರ ಮುಖ್ಯ ತಕರಾರುಗಳಲ್ಲಿ ಒಂದಾಗಿತ್ತು.