ಬಿಟ್ಟುಹೋದ ಒಂದು ವಾಕ್ಯ

1945ನೆಯ ಮೇ ತಿಂಗಳಲ್ಲಿ ಜರ್ಮನಿಯು ಶರಣಾಗತವಾದ ಮೇಲೆ ಎರಡನೆಯ ಮಹಾಯುದ್ಧದ ಭಾರವೆಲ್ಲವೂ ಪೂರ್ವ ದಿಕ್ಕಿಗೆ ಸರಿಯಿತು. ಜಪಾನಿನ ನೌಕಾಬಲವು ಆಗಲೇ ಮುರಿದಿದ್ದಿತು. ಮಾರ್ಚಿಯ ಒಂದೇ ರಾತ್ರಿಯ ಬೆಂಕಿಯ ಮಳೆಯಲ್ಲಿ ಟೋಕಿಯೋ ನಗರದ ವಿಶಾಲ ಭಾಗವು ಬೂದಿಯಾಗಿದ್ದಿತು. ಆದರೂ ಓಕಿನಾವಾ ದ್ವೀಪದ ಕಾಳಗವು ಜೂನಿನವರೆಗೂ ನಡೆದು, ಅಮೆರಿಕೆಯ 12,000ಕ್ಕೂ ಹೆಚ್ಚು ಯೋಧರನ್ನೂ ಅದರ ಎಷ್ಟೋ ಮಡಿ ಜಪಾನೀಯರನ್ನೂ ಬಲಿತೆಗೆದುಕೊಂಡಿತು. ನವೆಂಬರ್ 1ರಂದು ಕ್ಯೂಷೂ ದ್ವೀಪದಲ್ಲಿ ಸೈನ್ಯವನ್ನಿಳಿಸಲು ಸಂಕಲ್ಪಿಸಿದ್ದವರನ್ನು ಈ ಲೆಕ್ಕವು ಬಿಡದೆ ಕಾಡುತ್ತಿದ್ದಿತು.

ಜಪಾನಿಗೆ ಸೋಲು ನಿಶ್ಚಿತವಾಗಿದ್ದಿತು; ಅದನ್ನು ಒಪ್ಪುವುದೊಂದೇ ಉಳಿದಿದ್ದಿತು. ಅದಕ್ಕೆ ಅಡ್ಡವಾಗಿ ನಿಂತದ್ದು ಚಕ್ರವರ್ತಿಪೀಠದ ಪ್ರಶ್ನೆ. ನಿರ್ಬಂಧರಹಿತ ಶರಣಾಗತಿಯೆಂಬ ಮಾತೇ ಶಾಂತಿಗೆ ತೊಡಕಾಗಿದೆಯೆಂದು ವಿದೇಶಮಂತ್ರಿ ಟೋಗೋ ಜುಲೈಯಲ್ಲಿ ಮಾಸ್ಕೋದ ರಾಯಭಾರಿಗೆ ತಂತಿ ಕಳುಹಿದನು. ಗೂಢಲಿಪಿಯನ್ನು ಭೇದಿಸಿದ್ದ ಅಮೆರಿಕೆಯವರು ಅದನ್ನೂ ಓದಿದರು.

ಅಮೆರಿಕೆಯ ಯುದ್ಧಮಂತ್ರಿ ಸ್ಟಿಮ್ಸನ್ನನು ಜುಲೈ 2ರಂದೇ ಅಧ್ಯಕ್ಷ ಟ್ರೂಮನ್ನನಿಗೆ ಸಲಹೆಯಿತ್ತಿದ್ದನು. ಇದ್ದ ರಾಜವಂಶದ ಕೆಳಗೆ ಸಂವಿಧಾನಬದ್ಧ ಅರಸುತನಕ್ಕೆ ಅಡ್ಡಿಯಿಲ್ಲವೆಂದು ಸಾರಿದರೆ ಶತ್ರುವು ಮಣಿಯುವ ಸಂಭವ ಹೆಚ್ಚೆಂಬುದು ಅವನ ಅಭಿಪ್ರಾಯ. ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಪರಮಾಣು ಬಾಂಬಿನ ಪರೀಕ್ಷೆಯು ಫಲಿಸಿತು. ಜುಲೈ 26ರಂದು ಹೊರಟ ಪಾಟ್ಸ್‌ಡ್ಯಾಮ್ ಘೋಷಣೆಯಲ್ಲಿ ಆ ವಾಕ್ಯವಿರಲಿಲ್ಲ. ಬಾಂಬಿನ ಹೆಸರೂ ಇರಲಿಲ್ಲ. ಪ್ರಧಾನಮಂತ್ರಿ ಸುಜುಕಿಯು ಘೋಷಣೆಯನ್ನು ಉಪೇಕ್ಷಿಸಿ ಮಾತನಾಡಿದನು.

ಆಗಸ್ಟ್ 6ರಂದು ಹಿರೋಷಿಮಾ ಉರಿಯಿತು. 8ರಂದು ರಷ್ಯವು ಯುದ್ಧ ಸಾರಿತು. 9ರಂದು ನಾಗಾಸಾಕಿಯೂ ಸುಟ್ಟಿತು. ಅಂದಿನ ಮಂತ್ರಾಲೋಚನೆಯಲ್ಲಿ ಜಪಾನಿನ ಆರು ಮಂದಿ ಪ್ರಮುಖರು ಮೂವರಂತೆ ಇಬ್ಭಾಗವಾದರು. ಪೀಠದ ರಕ್ಷಣೆಯೊಂದೇ ಸಾಕೆಂದು ಒಂದು ಪಕ್ಷ. ನಿಶ್ಶಸ್ತ್ರೀಕರಣವೂ ಅಪರಾಧಿಗಳ ವಿಚಾರಣೆಯೂ ತಮ್ಮ ಕೈಯಲ್ಲೇ ಇರಬೇಕು, ದೇಶದಲ್ಲಿ ಶತ್ರುಸೈನ್ಯ ನೆಲಸಬಾರದು ಎಂದು ಮತ್ತೊಂದು ಪಕ್ಷ. ಕೊನೆಗೆ ಚಕ್ರವರ್ತಿಯೇ ಮೊದಲನೆಯ ಪಕ್ಷವನ್ನು ಹಿಡಿದನು. ಅವನ ಅಧಿಕಾರವು ಮಿತ್ರಸೇನಾಪತಿಗೆ ಅಧೀನವಾಗಿರತಕ್ಕದ್ದೆಂದು 11ರಂದು ಅಮೆರಿಕೆಯು ಉತ್ತರವಿತ್ತಿತು. ಅಧೀನವಾಗಿರಲು ಅಧಿಕಾರವು ಉಳಿಯಲೇಬೇಕಷ್ಟೆ. 15ರಂದು ಶರಣಾಗತಿಯು ಆಕಾಶವಾಣಿಯಲ್ಲಿ ಕೇಳಿಬಂದಿತು. ಹಿರೋಹಿಟೋ 1989ರಲ್ಲಿ ಮೃತನಾಗುವವರೆಗೂ ಪೀಠದಲ್ಲಿಯೇ ಇದ್ದನು.

ಆ ವಾಕ್ಯವೊಂದರಿಂದಲೇ ಯುದ್ಧವು ನಿಲ್ಲುತ್ತಿದ್ದಿತೆನ್ನುವುದು ಸಾಹಸದ ಮಾತು. ಎರಡು ನಗರಗಳು ಅಳಿದ ಮೇಲೆಯೂ ಮೂವರು ಮಣಿಯಲಿಲ್ಲವೆಂಬುದನ್ನು ಮರೆಯಲಾಗದು. ಆದರೆ ಆಗಸ್ಟಿನಲ್ಲಿ ಕೊಡಬಹುದಾದುದನ್ನು ಜುಲೈಯಲ್ಲಿ ಕೊಟ್ಟು ನೋಡಲಿಲ್ಲವೆಂಬುದೂ ಅಷ್ಟೇ ನಿಜ. ಆ ವರ್ಷ ಮುಗಿಯುವುದರೊಳಗೆ ಎರಡು ನಗರಗಳಲ್ಲಿ ಸತ್ತವರು ಸುಮಾರು ಎರಡು ಲಕ್ಷ. ಮಾತಿನಿಂದ ಆಗುವುದನ್ನು ಮೊದಲು ಮಾತಿನಿಂದಲೇ ಪರೀಕ್ಷಿಸಬೇಕೆಂಬ ರಾಜನೀತಿಯ ಹಳೆಯ ನಿಯಮಕ್ಕೆ ಇದಕ್ಕಿಂತ ದಾರುಣವಾದ ವ್ಯಾಖ್ಯಾನವು ಬೇಕಿಲ್ಲ.