ಹದಿನಾಲ್ಕು ಸೀಟುಗಳ ಪಾಠ

ಒಂದು ಹಳೇ ಲೆಕ್ಕ ನೋಡಿ. 1950ರಲ್ಲಿ ಮದರಾಸು ರಾಜ್ಯದ ಸರ್ಕಾರಿ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿ 14 ಸೀಟುಗಳನ್ನು ಹೀಗೆ ಹಂಚುತ್ತಿದ್ದರು: ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ-ಇಂಡಿಯನ್ ಮತ್ತು ಭಾರತೀಯ ಕ್ರೈಸ್ತರಿಗೆ 1, ಮುಸ್ಲಿಮರಿಗೆ 1. ಇದೇ ಕಮ್ಯುನಲ್ ಜಿ.ಓ. ಆಗ ದಕ್ಷಿಣ ಕನ್ನಡ, ಬಳ್ಳಾರಿ ಎರಡೂ ಮದರಾಸಿಗೆ ಸೇರಿದ್ದವು. ಅಂದ್ರೆ ಮಂಗಳೂರಿನ ಬ್ಯಾರಿ ಹುಡುಗ ಡಾಕ್ಟರಾಗಬೇಕಿದ್ದರೂ ಆ ಒಂದೇ ಸೀಟಿನ ಲೆಕ್ಕದೊಳಗೇ ಬರಬೇಕಿತ್ತು.

ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ, ಕಾನೂನು, ಸಂಶೋಧನಾ ವಿಧಾನ ಮೂರನ್ನೂ ಬೇರೆ ಬೇರೆ ಪೇಪರ್ ಮಾಡಿ ಕಲಿಸುತ್ತಾರೆ. ಈ ಒಂದು ಪ್ರಕರಣ ಹಿಡಿದರೆ ಮೂರನ್ನೂ ಒಟ್ಟಿಗೆ ಕಲಿಸಬಹುದು ಅಂತ ನನ್ನ ಅನಿಸಿಕೆ.

ಮೊದಲು ಕಾನೂನು. 1891ರಲ್ಲಿ ಶುರುವಾದ ಮದರಾಸು ಲಾ ಕಾಲೇಜು ಹೈಕೋರ್ಟಿನ ಆವರಣದಲ್ಲೇ ಇತ್ತು. ಆ ಹೈಕೋರ್ಟಿಗೆ 1950ರಲ್ಲಿ ಚಂಪಕಂ ದೊರೈರಾಜನ್ ಹೋದರು, ಜಾತಿ ನೋಡಿ ಸೀಟು ಕೊಡುವುದು ತಪ್ಪು ಎಂದರು. ಹೈಕೋರ್ಟು ಒಪ್ಪಿತು. 1951ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವೂ ಜಿ.ಓ. ಸಂವಿಧಾನದ 29(2)ನೇ ವಿಧಿಗೆ ವಿರುದ್ಧ ಎಂದಿತು. ಉದ್ಯೋಗದ ಮೀಸಲಾತಿಗೆ 16(4) ಇತ್ತು, ಶಿಕ್ಷಣಕ್ಕೆ ಅಂಥದ್ದು ಇರಲಿಲ್ಲ.

ಆಮೇಲೆ ರಾಜ್ಯಶಾಸ್ತ್ರ. ಮದರಾಸಿನಲ್ಲಿ ಜನ ಬೀದಿಗಿಳಿದರು, ಪೆರಿಯಾರ್ ಹೋರಾಟಕ್ಕೆ ನಿಂತರು. ಸಂಸತ್ತು ಅದೇ ವರ್ಷ ಜೂನ್‌ನಲ್ಲಿ ಮೊದಲ ತಿದ್ದುಪಡಿ ತಂದು 15(4) ಸೇರಿಸಿತು. ಇವತ್ತು ನಿಮ್ಮ ತಂಗಿ ಸಿಇಟಿ ಅರ್ಜಿಯಲ್ಲಿ ಮೀಸಲಾತಿ ಕಾಲಂ ತುಂಬುತ್ತಾಳಲ್ಲ, ಅದರ ಬೇರು ಇಲ್ಲಿದೆ.

ಇನ್ನು ಸಂಶೋಧನೆ. "ಚಂಪಕಂಗೆ ಸೀಟು ಸಿಗಲಿಲ್ಲ, ಅದಕ್ಕೇ ಕೋರ್ಟಿಗೆ ಹೋದರು" ಅಂತ ಗೈಡುಗಳಲ್ಲಿ ಓದಿರ್ತೀರಿ. ಮೂಲ ತೀರ್ಪು ತೆಗೆದು ನೋಡಿ. ಅವರು ಮೆಡಿಕಲ್ ಸೀಟಿಗೆ ಅರ್ಜಿಯನ್ನೇ ಹಾಕಿರಲಿಲ್ಲ ಅಂತ ಅದರಲ್ಲೇ ಬರೆದಿದೆ! ವಿಚಾರಿಸಿದಾಗ ಸೀಟು ಸಿಗುವುದಿಲ್ಲವೆಂದು ತಿಳಿದು ನ್ಯಾಯಾಲಯಕ್ಕೆ ಹೋಗಿದ್ದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡುತ್ತಾ ಹೋದರೆ ಇತಿಹಾಸ ಹೀಗೇ ಕೆಡುತ್ತದೆ.

ಇದು ಬರೀ ಪರೀಕ್ಷೆಯ ಮಾತಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಮುಸ್ಲಿಮರ 2ಬಿ ವರ್ಗದ ಶೇ. 4 ಮೀಸಲಾತಿಯನ್ನು ತೆಗೆಯಲು ಹೊರಟಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆ ದಿನಗಳಲ್ಲಿ ನಮ್ಮವರ ಫೋನುಗಳಲ್ಲಿ ಸಿಟ್ಟು ತುಂಬಿತ್ತು, ಕಣ್ಣೀರೂ ಇತ್ತು. ಆದರೆ ಆದೇಶವನ್ನು ಪೂರ್ತಿ ಓದಿದವರು ಎಷ್ಟು ಜನ? ಕೋರ್ಟಿನಲ್ಲಿ ನಿಲ್ಲುವುದು ದಾಖಲೆ, ಫಾರ್ವರ್ಡ್ ಮೆಸೇಜಲ್ಲ.

ಉರ್ದುವಿನಲ್ಲಿ ಸಂಶೋಧನೆಗೆ 'ತಹಕೀಕ್' ಅಂತೀವಿ. ಅದರ ಬೇರು 'ಹಕ್'. ಹಕ್ ಅಂದರೆ ಸತ್ಯ. ಕನ್ನಡದ 'ಹಕ್ಕು' ಬಂದದ್ದೂ ಅಲ್ಲಿಂದಲೇ. ಸತ್ಯ ಹುಡುಕುವ ಕಷ್ಟ ಬೇಡ, ಹಕ್ಕು ಮಾತ್ರ ಬೇಕು ಅಂದರೆ ಹೇಗೆ? ಈ ವಾರ ಒಂದು ತೀರ್ಪನ್ನಾದರೂ ಮೊದಲ ಸಾಲಿನಿಂದ ಕೊನೆಯವರೆಗೆ ನೀವೇ ಓದಿ.