ಮುಖವೇ ಬೊಂಬೆಯ ಪ್ರಾಣ

ಟೋಕಿಯೋ ನಗರದಲ್ಲಿ ‘ಯೊಶಿತೊಕು’ ಎಂಬುದೊಂದು ಹಳೆಯ ಬೊಂಬೆಯಂಗಡಿಯುಂಟು. ಅದು ಹುಟ್ಟಿದ್ದು 1711ರಲ್ಲಿ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ತೀರಿಕೊಂಡು ಆಗಿನ್ನೂ ಏಳು ವರ್ಷವಷ್ಟೇ ಆಗಿತ್ತು. ಟೋಕಿಯೋ ನಗರಕ್ಕೆ ಆಗ ಎಡೊ ಎಂದು ಹೆಸರು. ಅಂಗಡಿಯ ಯಜಮಾನಿಕೆ ಒಂದೇ ಮನೆತನದಲ್ಲಿ ಇಳಿದು ಬಂದಿದೆ. ಪಟ್ಟಕ್ಕೆ ಬಂದ ಯಜಮಾನನು ‘ಯಮಾದಾ ತೊಕುಬೆ’ ಎಂಬ ಹಿರಿಯರ ಹೆಸರನ್ನೇ ಹೊರುವುದು ವಾಡಿಕೆ. ಈ ಅಂಗಡಿಯವರು ತಮ್ಮ ವ್ಯಾಪಾರಕ್ಕೆ ಆರಿಸಿಕೊಂಡ ಘೋಷವಾಕ್ಯ ಬಹು ಚಿಕ್ಕದು: ಬೊಂಬೆಗೆ ಮುಖವೇ ಪ್ರಾಣ.

ವ್ಯಾಪಾರಿಯ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಮಗುವಿನ ಕೈಗೆ ಕೊಡುವ ಬೊಂಬೆಗೆ ಯಾರ ಮುಖವಿರಬೇಕು? ಅದು ಆ ಮಗುವನ್ನು ಹೋಲಬೇಕೆ, ನೆರೆನಾಡಿನವರನ್ನು ಹೋಲಬೇಕೆ? ಒಂದು ಜನಾಂಗದ ಮುಖವನ್ನು ಒಂದು ಬೊಂಬೆಯಲ್ಲಿ ಕೂರಿಸಲು ಬರುತ್ತದೆಯೆ? ಈ ಪ್ರಶ್ನೆಗಳನ್ನು ಏಷ್ಯದ ಕುಶಲಕರ್ಮಿಗಳು ದೊಡ್ಡ ಪ್ರಮಾಣದಲ್ಲಿ ಎದುರಿಸಬೇಕಾಗಿ ಬಂದದ್ದು 1927ರಲ್ಲಿ. ಆ ಕಥೆಯಲ್ಲಿ ರಾಜಕೀಯವಿದೆ, ಯುದ್ಧವಿದೆ; ಆದರೆ ಅದರ ನಡುವಿನಲ್ಲಿರುವುದು ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಕುಳಿತು ಬೊಂಬೆ ಮಾಡಿ ಹೊಟ್ಟೆ ಹೊರೆದವರ ಬದುಕು.

ಮೊದಲು ಆ ಕಸುಬಿನ ಸ್ವರೂಪವನ್ನು ನೋಡೋಣ. ಜಪಾನಿನಲ್ಲಿ ಮಾರ್ಚಿ 3ರಂದು ‘ಹಿನಾ ಮತ್ಸುರಿ’ ಎಂಬ ಹೆಣ್ಣುಮಕ್ಕಳ ಹಬ್ಬ. ನಮ್ಮ ನವರಾತ್ರಿಯ ಬೊಂಬೆ ಹಬ್ಬವನ್ನು ಕಂಡವರಿಗೆ ಅದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿಯೂ ಮೆಟ್ಟಿಲುಗಳ ಮೇಲೆ ಬಟ್ಟೆ ಹಾಸಿ ಬೊಂಬೆ ಕೂರಿಸುತ್ತಾರೆ. ಅಲ್ಲಿಯೂ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ರಾಜರಾಣಿಯರಿಗೆ. ಮೈಸೂರಿನ ಕಡೆ ಪಟ್ಟದ ಬೊಂಬೆಗಳು ಮದುವೆಯಲ್ಲಿ ಮಗಳ ಜೊತೆಗೆ ಹೋಗುತ್ತವೆ. ಅಲ್ಲಿ ಹೆಣ್ಣು ಮಗು ಹುಟ್ಟಿದ ಮೊದಲ ಹಬ್ಬಕ್ಕೇ, ಸಾಮಾನ್ಯವಾಗಿ ತಾಯಿಯ ತವರಿನಿಂದ, ಬೊಂಬೆಗಳು ಬರುತ್ತವೆ.

ಒಂದು ದಿನದ ಹಬ್ಬವನ್ನು ನಂಬಿ ವರ್ಷವಿಡೀ ದುಡಿಯಬೇಕಾದ ಕಸುಬು ಇದು. ಬೊಂಬೆಯನ್ನು ಒಬ್ಬನೇ ಮಾಡುವುದಿಲ್ಲ. ತಲೆ ಮಾಡುವವನು ಬೇರೆ, ಕೈಕಾಲು ಮಾಡುವವನು ಬೇರೆ, ಉಡುಪು ತೊಡಿಸುವವನು ಬೇರೆ. ಒಬ್ಬೊಬ್ಬನದೂ ಮನೆಯೊಳಗಿನ ಕಸುಬು. ಹೆಂಡತಿ ಮಕ್ಕಳೂ ಕೈಗೂಡಿಸುವಂಥದು. ಇವೆಲ್ಲವನ್ನೂ ಒಟ್ಟುಗೂಡಿಸಿ, ಬಂಡವಾಳ ಹೂಡಿ, ಗಿರಾಕಿಗೆ ಮುಟ್ಟಿಸುವವನು ಯೊಶಿತೊಕುವಿನಂಥ ಅಂಗಡಿಯ ಯಜಮಾನ.

ತಲೆ ಮಾಡುವ ಕ್ರಮ ಸ್ವಾರಸ್ಯವಾದುದು. ‘ಕಿರಿ’ ಎಂಬ ಹಗುರ ಮರದ ಹೊಟ್ಟನ್ನು ಗೋಧಿಯ ಗಂಜಿಯಲ್ಲಿ ಕಲಸಿ, ಅಚ್ಚಿನಲ್ಲಿ ಒತ್ತಿ ಒಣಗಿಸುತ್ತಾರೆ. ಅದಕ್ಕೆ ಗಾಜಿನ ಕಣ್ಣು ಕೂರಿಸುತ್ತಾರೆ. ಬಳಿಕ ಕಡಲ ಚಿಪ್ಪನ್ನು ನುಣ್ಣಗೆ ಅರೆದ ಬಿಳಿಯ ಪುಡಿಯನ್ನು, ಪ್ರಾಣಿಗಳ ತೊಗಲಿನಿಂದ ತೆಗೆದ ಅಂಟಿನಲ್ಲಿ ಕಲಸಿ, ಪದರದ ಮೇಲೆ ಪದರವಾಗಿ ಬಳಿಯುತ್ತಾರೆ. ಕಣ್ಣು ಈ ಪದರಗಳ ಕೆಳಗೆ ಪೂರ್ತಿಯಾಗಿ ಹೂತುಹೋಗುತ್ತದೆ. ಕೊನೆಗೆ ಕುಶಲಿಯು ಸಣ್ಣದೊಂದು ಚೂರಿ ಹಿಡಿದು ರೆಪ್ಪೆಯ ಗೆರೆಯಲ್ಲಿ ಕೊಯ್ದು ಕಣ್ಣನ್ನು ತೆರೆಯುತ್ತಾನೆ. ಕೂದಲೆಳೆಯಷ್ಟು ಗೆರೆ ತಪ್ಪಿದರೂ ನಗುವ ಮುಖ ಅಳುವ ಮುಖವಾಗುತ್ತದೆ. ನಮ್ಮ ಶಿಲ್ಪಿಗಳು ವಿಗ್ರಹದ ಕಣ್ಣನ್ನು ಕೊನೆಗೆ ಬಿಡಿಸುವುದು ಓದುಗರಿಗೆ ನೆನಪಾದರೆ ಆಶ್ಚರ್ಯವಿಲ್ಲ. ಮುಖವೇ ಪ್ರಾಣವೆಂಬ ಮಾತು ಈ ಚೂರಿಯ ಮೊನೆಯಿಂದ ಹುಟ್ಟಿದ್ದೆಂದು ತೋರುತ್ತದೆ.

ಇಂಥ ಕಸುಬಿಗೆ ಸರ್ಕಾರದ ಕಾಟ ಹೊಸದಲ್ಲ. ಬೊಂಬೆಗಳ ಆಡಂಬರ ಅತಿಯಾಯಿತೆಂದು 1721ರಲ್ಲಿ ಶೋಗುನರ ಆಡಳಿತವು ಹಬ್ಬದ ಬೊಂಬೆಗಳ ಎತ್ತರ ಸುಮಾರು 24 ಸೆಂಟಿಮೀಟರನ್ನು ಮೀರಕೂಡದೆಂದು ಕಟ್ಟಪ್ಪಣೆ ಮಾಡಿತು. ಆ ಶತಮಾನದ ಕೊನೆಯಲ್ಲಿ ಮತ್ತೆ ಬಿಗಿ ಹೆಚ್ಚಿದಾಗ ಕುಶಲಿಗಳು ಜಾಣತನ ತೋರಿದರು: ಹೆಬ್ಬೆರಳ ಗಾತ್ರದ ಬೊಂಬೆಗಳನ್ನು ಮಾಡಿ, ಅವಕ್ಕೇ ದೊಡ್ಡ ಬೊಂಬೆಯಷ್ಟು ಬೆಲೆಬಾಳುವ ಕೆಲಸ ತುಂಬಿದರು. ದೊರೆ ಗಾತ್ರವನ್ನು ಅಳೆಯಬಲ್ಲ, ಕೈಚಳಕವನ್ನು ಅಳೆಯಲಾರ! 1873ರಲ್ಲಿ ಮೇಜಿ ಸರ್ಕಾರವು ಹಳೆಯ ಐದು ಋತುಹಬ್ಬಗಳನ್ನು ಅಧಿಕೃತ ಪಟ್ಟಿಯಿಂದ ತೆಗೆದುಹಾಕಿದಾಗ ಹಿನಾ ಹಬ್ಬವೂ ಅದರಲ್ಲಿ ಸೇರಿತ್ತು. ಜನ ಮನೆಗಳಲ್ಲಿ ಹಬ್ಬವನ್ನು ಬಿಡಲಿಲ್ಲವಾದ್ದರಿಂದ ಕಸುಬು ಉಳಿಯಿತು.

ಇಷ್ಟರಲ್ಲಿ ಇನ್ನೊಂದು ಬಗೆಯ ಬೊಂಬೆ ತಲೆಯೆತ್ತಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಆಟಿಕೆಗಳು ಲೋಕದ ಪೇಟೆಗೆ ಬಾರದಾದವು. ಆ ತೆರವನ್ನು ಜಪಾನು ತುಂಬಿತು. ತೈವಾನ್ ಆಗ ಜಪಾನಿನ ವಸಾಹತು; ಅಲ್ಲಿಯ ಕರ್ಪೂರದಿಂದ ಸೆಲ್ಯುಲಾಯ್ಡ್; ಸೆಲ್ಯುಲಾಯ್ಡಿನಿಂದ ಅಗ್ಗದ ಬೊಂಬೆ. ಆ ಬೊಂಬೆಗಳ ಮುಖ ಮಾತ್ರ ಕೊಳ್ಳುವವನ ಮುಖ: ಗುಂಡುಗೆನ್ನೆಯ ಬಿಳಿಯ ಮಗು. ಏಷ್ಯದ ಕೈ, ಏಷ್ಯದ ಕಚ್ಚಾ ಸಾಮಗ್ರಿ, ಯುರೋಪಿನ ಮುಖ. ಪೇಟೆ ಕೇಳಿದ್ದನ್ನು ಮಾಡಿಕೊಟ್ಟ ಕೂಲಿಕಾರನನ್ನು ನಾವು ದೂರಬೇಕಿಲ್ಲ. ಆದರೆ ಮುಖವನ್ನು ಆರಿಸುವ ಅಧಿಕಾರ ಹಣ ಕೊಡುವವನದೆಂಬುದನ್ನು ಮಾತ್ರ ಮರೆಯಬಾರದು.

ಈಗ 1927ಕ್ಕೆ ಬರೋಣ. ಮೂರು ವರ್ಷಗಳ ಹಿಂದೆ, 1924ರಲ್ಲಿ, ಅಮೆರಿಕವು ಹೊಸ ವಲಸೆ ಕಾನೂನನ್ನು ಮಾಡಿ ಜಪಾನಿಯರು ಬಂದು ನೆಲೆಸುವುದಕ್ಕೆ ಬಾಗಿಲು ಮುಚ್ಚಿತ್ತು. ಜಪಾನಿಗೆ ಇದರಿಂದ ಆದ ಅವಮಾನ ಸಣ್ಣದಲ್ಲ. ಜಪಾನಿನಲ್ಲಿ ಇಪ್ಪತ್ತೈದು ವರ್ಷ ಇದ್ದು ಬಂದ ಸಿಡ್ನಿ ಗುಲಿಕ್ ಎಂಬ ಪಾದ್ರಿಗೆ ಈ ಕಾನೂನು ತಪ್ಪೆಂದು ತೋರಿತು. ದೊಡ್ಡವರ ಮನಸ್ಸನ್ನು ತಿರುಗಿಸಲಾಗದಿದ್ದರೆ ಮಕ್ಕಳಿಂದಲೇ ಆರಂಭಿಸೋಣವೆಂದು ಆತ ಯೋಚಿಸಿದ. ಅಮೆರಿಕದ ಮಕ್ಕಳು ಹಣ ಕೂಡಿಸಿ ಬೊಂಬೆ ಕೊಂಡರು, ಅಂಗಿ ಹೊಲಿದರು, ಹೆಸರಿಟ್ಟರು, ಒಂದೊಂದಕ್ಕೂ ಆಟದ ಪಾಸ್‌ಪೋರ್ಟು ಮತ್ತು ಕಾಗದ ಬರೆದು ಜೊತೆಗಿಟ್ಟರು. ಹಿನಾ ಹಬ್ಬದ ಹೊತ್ತಿಗೆ ಜಪಾನಿಗೆ ಬಂದ ಇಂಥ ಬೊಂಬೆಗಳು 12,739. ಶಾಲೆ ಶಾಲೆಗೆ ಅವನ್ನು ಹಂಚಿದರು. ಜಪಾನಿನ ಜನ ಅವಕ್ಕೆ ‘ನೀಲಿ ಕಣ್ಣಿನ ಬೊಂಬೆಗಳು’ ಎಂದು ಹೆಸರಿಟ್ಟರು. ಮನುಷ್ಯರಿಗೆ ಮುಚ್ಚಿದ ಬಾಗಿಲಿನ ಮುಂದೆ ಪಾಸ್‌ಪೋರ್ಟು ಹಿಡಿದ ಬೊಂಬೆಗಳು ಓಡಾಡಿದವೆಂಬುದು ಈ ಪ್ರಸಂಗದ ವ್ಯಂಗ್ಯ.

ಜಪಾನಿನ ಕಡೆಯಿಂದ ಈ ಕೆಲಸಕ್ಕೆ ನಿಂತವರು ಶಿಬುಸಾವಾ ಎಯಿಚಿ. ಬ್ಯಾಂಕು, ಗಿರಣಿ, ಕಂಪೆನಿಗಳನ್ನು ನೂರಾರು ಸಂಖ್ಯೆಯಲ್ಲಿ ಕಟ್ಟಿದ ಹಿರಿಯ ಉದ್ಯಮಿ. ಆಗ ಅವರಿಗೆ ಎಂಬತ್ತೇಳರ ಸಮೀಪದ ವಯಸ್ಸು. 2024ರಲ್ಲಿ ಹೊರಬಂದ ಹತ್ತು ಸಾವಿರ ಯೆನ್ನಿನ ನೋಟಿನ ಮೇಲಿರುವುದು ಇವರದೇ ಚಿತ್ರ. ಉಡುಗೊರೆಗೆ ಮರು ಉಡುಗೊರೆ ಹೋಗಬೇಕೆಂದು ತೀರ್ಮಾನವಾಯಿತು. ಸುಮಾರು 26 ಲಕ್ಷ ಶಾಲಾಬಾಲಿಕೆಯರು ತಲೆಗೆ ಒಂದೊಂದು ಸೆನ್, ಎಂದರೆ ಯೆನ್ನಿನ ನೂರನೆಯ ಒಂದು ಪಾಲು, ಕೊಟ್ಟರು. ಸಾವಿರಗಟ್ಟಲೆ ಬೊಂಬೆಗೆ ಸಾವಿರಗಟ್ಟಲೆ ಬೊಂಬೆಯಿಂದ ಉತ್ತರ ಕೊಡುವ ಬದಲು, ಐವತ್ತೆಂಟೇ ಬೊಂಬೆಗಳನ್ನು, ಆದರೆ ಕೈಲಾದಷ್ಟು ಶ್ರೇಷ್ಠವಾಗಿ ಮಾಡಿಸುವುದೆಂದು ಗೊತ್ತಾಯಿತು.

ಹೆಚ್ಚಿನ ಪಾಲು ಟೋಕಿಯೋದ ಕುಶಲಿಗಳಿಗೆ ಯೊಶಿತೊಕುವಿನ ಮೂಲಕ ಬಂತು. ಉಳಿದವು ಕ್ಯೋಟೋದ ಹಳೆಯ ಅಂಗಡಿಯಾದ ಮರುಹೆಯಿಗೆ ಹೋದವು. ಒಂದೊಂದು ಬೊಂಬೆಯ ಎತ್ತರ ಸುಮಾರು 80 ಸೆಂಟಿಮೀಟರು. ಚಿಪ್ಪಿನ ಪುಡಿಯ ಹೊಳಪಿನ ಮುಖ, ನೆಟ್ಟ ಕೂದಲು, ರೇಷ್ಮೆಯ ಕಿಮೋನೋ. ಜೊತೆಗೆ ಪುಟ್ಟ ಅರಗಿನ ಪೆಟ್ಟಿಗೆ, ದೀಪ, ಚಹದ ಪಾತ್ರೆ, ಛತ್ರಿ, ಪಾದರಕ್ಷೆ. ಮದುವೆಗೆ ಮಗಳನ್ನು ಕಳಿಸುವ ಸಡಗರವೇ ಸರಿ. ಈ ಕೆಲಸದಲ್ಲಿ ಹೆಸರು ಮಾಡಿದ ತರುಣರಲ್ಲಿ ಹಿರಾತಾ ಗೊಯೊ ಒಬ್ಬರು. 1936ರಲ್ಲಿ ಸಾಮ್ರಾಜ್ಯದ ಕಲಾಪ್ರದರ್ಶನಕ್ಕೆ ಬೊಂಬೆಗಳು ಮೊಟ್ಟಮೊದಲ ಬಾರಿ ಕಲಾಕೃತಿಗಳೆಂದು ಪ್ರವೇಶ ಪಡೆದಾಗ ಅವರ ಬೊಂಬೆಯೂ ಅಲ್ಲಿತ್ತು. 1955ರಲ್ಲಿ ಜಪಾನು ಅವರನ್ನು ‘ಜೀವಂತ ರಾಷ್ಟ್ರನಿಧಿ’ ಎಂದು ಗೌರವಿಸಿತು. ಅಂಗಡಿಯ ಕಸುಬುದಾರ ಕಲಾವಿದನಾದದ್ದಕ್ಕೆ ಈ ಐವತ್ತೆಂಟು ಬೊಂಬೆಗಳು ಒಂದು ಮುಖ್ಯ ಮೆಟ್ಟಿಲು.

ಇಲ್ಲಿಯವರೆಗೆ ಕಥೆ ಸುಂದರವಾಗಿದೆ. ಆದರೆ ಐವತ್ತೆಂಟು ಎಂಬ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜಪಾನಿನ ನಲವತ್ತೇಳು ಪ್ರಾಂತಗಳಿಗೆ ಒಂದೊಂದು. ಆರು ಮಹಾನಗರಗಳಿಗೆ ಆರು. ಇಡೀ ದೇಶದ ಹೆಸರಿನಲ್ಲಿ ‘ಮಿಸ್ ಜಪಾನ್’ ಒಂದು. ಉಳಿದವು ನಾಲ್ಕು. ಅವು ಆಗ ಜಪಾನಿನ ಹಿಡಿತದಲ್ಲಿದ್ದ ಕೊರಿಯ, ತೈವಾನ್, ಕರಾಫುತೊ ಮತ್ತು ಚೀನದ ಕ್ವಾನ್‌ತುಂಗ್ ಪ್ರದೇಶಗಳ ಹೆಸರಿನವು. ಈ ನಾಲ್ವರ ಮುಖವೂ ಜಪಾನಿ ಮುಖವೇ, ಉಡುಪೂ ಕಿಮೋನೋವೇ! ಕೊರಿಯದ ಹೆಣ್ಣುಮಗಳ ತುಂಡು ರವಿಕೆ, ನೆರಿಗೆಯ ಲಂಗ ಎಲ್ಲಿಯೂ ಇಲ್ಲ. ತಮ್ಮವರನ್ನು ಅಮೆರಿಕ ಸಮಾನರೆಂದು ಕಾಣಲಿಲ್ಲವೆಂದು ನೊಂದ ದೇಶವೇ, ತಾನು ಆಳುತ್ತಿದ್ದವರ ಮುಖವನ್ನು ಒರೆಸಿ ಅಲ್ಲಿ ತನ್ನ ಮುಖವನ್ನು ಬರೆದು ಕಳಿಸಿತು. ಸ್ನೇಹದ ಬೊಂಬೆಗಳಲ್ಲಿಯೇ ಸಾಮ್ರಾಜ್ಯದ ಗುಟ್ಟು ಅಡಗಿತ್ತು.

ಇದಕ್ಕೆ ಇತಿಹಾಸ ಒಂದು ವಿಚಿತ್ರ ಶಿಕ್ಷೆಯನ್ನು ವಿಧಿಸಿತು. 1927ರ ನವೆಂಬರಿನಲ್ಲಿ ಹಡಗು ಹತ್ತಿದ ಬೊಂಬೆಗಳು ಅಮೆರಿಕದ ಊರೂರುಗಳಲ್ಲಿ ಮೆರೆದವು. ಪೆಟ್ಟಿಗೆಯಿಂದ ತೆಗೆಯುವುದು, ತುಂಬುವುದು, ಸರಿಪಡಿಸುವುದು—ಈ ಗಡಿಬಿಡಿಯಲ್ಲಿ ಹೆಸರಿನ ಫಲಕಗಳೂ ಸಾಮಾನುಗಳೂ ಅದಲುಬದಲಾದವು. ಒಂದು ಪ್ರಾಂತದ ಬೊಂಬೆ ಇನ್ನೊಂದರ ಹೆಸರಿನಲ್ಲಿ ವಸ್ತುಸಂಗ್ರಹಾಲಯ ಸೇರಿತು. ಹಾಗಾಗಲು ಕಾರಣ ಸ್ಪಷ್ಟವೇ ಇದೆ. ಐವತ್ತೆಂಟು ಕಡೆಯ ಹೆಸರು ಹೊತ್ತ ಬೊಂಬೆಗಳಿಗೆ ಇದ್ದದ್ದು ಒಂದೇ ರಾಜಧಾನಿಯ ಮುಖ, ಒಂದೇ ರಾಜಧಾನಿಯ ಉಡುಪು. ಫಲಕ ಕಳಚಿದರೆ ಇವಳು ಯಾವ ಊರಿನವಳೆಂದು ಮುಖ ಹೇಳಲಾರದು.

ಮುಂದಿನದು ದುಃಖದ ಅಧ್ಯಾಯ. 1941ರಲ್ಲಿ ಎರಡು ದೇಶಗಳಿಗೂ ಯುದ್ಧ ಹತ್ತಿತು. 1943ರ ಹೊತ್ತಿಗೆ ಜಪಾನಿನಲ್ಲಿ ನೀಲಿ ಕಣ್ಣಿನ ಬೊಂಬೆಗಳು ಶತ್ರುಗಳೆನಿಸಿದವು. ಸುಡಬೇಕು, ಬಿದಿರಿನ ಈಟಿಯಿಂದ ಇರಿಯಬೇಕು ಎಂಬ ಕೂಗೆದ್ದಿತು. ಹದಿನಾರು ವರ್ಷಗಳ ಹಿಂದೆ ಹಾಡಿ ಸ್ವಾಗತಿಸಿದ ಶಾಲೆಗಳ ಅಂಗಳದಲ್ಲಿಯೇ ಅವನ್ನು ಸುಟ್ಟರು. ಆದರೂ ಕೆಲವರು ಉಪಾಧ್ಯಾಯರು ಅಟ್ಟದ ಮೇಲೆ, ಕಪಾಟಿನ ಹಿಂದೆ ಬೊಂಬೆಗಳನ್ನು ಬಚ್ಚಿಟ್ಟರು. ಬೊಂಬೆಗೇನು ತಪ್ಪು ಎಂಬ ಸಾಮಾನ್ಯ ವಿವೇಕವನ್ನು ಕಳೆದುಕೊಳ್ಳದಿರುವುದಕ್ಕೂ ಆ ದಿನಗಳಲ್ಲಿ ಧೈರ್ಯ ಬೇಕಾಗಿತ್ತು. ಹಾಗೆ ಉಳಿದು ಯುದ್ಧಾನಂತರ ಪತ್ತೆಯಾದವು ಮುನ್ನೂರಕ್ಕಿಂತ ತುಸು ಹೆಚ್ಚು. ಅಮೆರಿಕದಲ್ಲಿದ್ದ ಜಪಾನಿ ಬೊಂಬೆಗಳನ್ನು ಪ್ರದರ್ಶನದಿಂದ ತೆಗೆದು ಉಗ್ರಾಣಕ್ಕೆ ತಳ್ಳಿದರು; ಕೆಲವು ಕಾಣೆಯಾದವು. ಆದರೆ ಅಲ್ಲಿಯೂ ಕೈ ಶುದ್ಧವಿರಲಿಲ್ಲ: ಒಂದು ಲಕ್ಷಕ್ಕೂ ಹೆಚ್ಚು ಜಪಾನಿ ಮೂಲದ ಮನುಷ್ಯರನ್ನೇ, ಮಕ್ಕಳು ಮರಿ ಸಮೇತ, ಶಿಬಿರಗಳಲ್ಲಿ ಕೂಡಿಹಾಕಿದ್ದರು.

ಹಾಗಾದರೆ ಬೊಂಬೆಯಿಂದ ಯಾವ ಪ್ರಯೋಜನವೂ ಇಲ್ಲವೆ? ನಮ್ಮ ದೇಶದ ಒಂದು ಉದಾಹರಣೆಯನ್ನು ನೋಡಬಹುದು. ವ್ಯಂಗ್ಯಚಿತ್ರಕಾರ ಶಂಕರ್ ಅವರಿಗೆ ಹಂಗೆರಿಯ ರಾಯಭಾರಿಯೊಬ್ಬರು ಮಕ್ಕಳ ಸ್ಪರ್ಧೆಯ ಬಹುಮಾನಕ್ಕೆಂದು ಕೊಟ್ಟ ಒಂದು ಬೊಂಬೆಯಿಂದ ಮೊದಲಾದ ಸಂಗ್ರಹವು, 1965ರಲ್ಲಿ ದೆಹಲಿಯ ಅಂತರರಾಷ್ಟ್ರೀಯ ಬೊಂಬೆ ಸಂಗ್ರಹಾಲಯವಾಯಿತು. ಅದರ ಜೊತೆಗೇ ಒಂದು ಕಾರ್ಯಾಗಾರವೂ ಹುಟ್ಟಿತು. ಭಾರತದ ಬೇರೆ ಬೇರೆ ಪ್ರದೇಶಗಳ ಉಡುಗೆ ತೊಡುಗೆಗಳನ್ನು ವಿಚಾರಿಸಿ ತಿಳಿದು, ಆಯಾ ನಾಡಿನ ವಧೂವರರನ್ನೂ ನರ್ತಕರನ್ನೂ ಅಲ್ಲಿ ಬೊಂಬೆಯಾಗಿಸಿದರು. ಹೊರದೇಶದ ಬೊಂಬೆಗಳಿಗೆ ಪ್ರತಿಯಾಗಿ ಕೊಟ್ಟರು, ಮಾರಿದರು. ರಾಜಧಾನಿಯಲ್ಲಿ ಕುಳಿತೂ ರಾಜಧಾನಿಯ ಉಡುಪೊಂದನ್ನೇ ಎಲ್ಲರಿಗೂ ತೊಡಿಸದಿರುವ ಪ್ರಯತ್ನವಿದು. ಸೀರೆಯ ನೆರಿಗೆ ಎಲ್ಲಿ ಬೀಳುತ್ತದೆ, ಪೇಟದ ಸುತ್ತು ಯಾವ ಕಡೆಗೆ ಎಂಬುದನ್ನು ಊರಿನವರನ್ನು ಕೇಳಿ ಮಾಡಿದ ಬೊಂಬೆಗೂ ಊಹಿಸಿ ಮಾಡಿದ ಬೊಂಬೆಗೂ ಇರುವ ಅಂತರವೇ, ಗೌರವಕ್ಕೂ ಪ್ರದರ್ಶನಕ್ಕೂ ಇರುವ ಅಂತರ.

ಈ ಕಸುಬಿನಲ್ಲಿ ಬಂಡವಾಳಕ್ಕಿಂತ ಮೊದಲು ಬೇಕಾದದ್ದು ಈ ವಿಚಾರಿಸುವ ಬುದ್ಧಿ. ಮಕ್ಕಳು ಬೊಂಬೆಯನ್ನು ಪಾಠವೆಂದು ಎತ್ತಿಕೊಳ್ಳುವುದಿಲ್ಲ. ಆದರೆ ಯಾವ ಮುಖ ಎತ್ತಿಕೊಳ್ಳಲು ಯೋಗ್ಯ, ಯಾವುದು ಅಲ್ಲ ಎಂಬ ತೀರ್ಪನ್ನು ಬೊಂಬೆಯಂಗಡಿಯಲ್ಲಿಯೇ ಕಲಿತುಬಿಡುತ್ತಾರೆ. ಅಂಗಡಿಯಲ್ಲಿ ಇಲ್ಲದ ಮುಖವೂ ಅವರಿಗೆ ಏನನ್ನೋ ಹೇಳುತ್ತದೆ.

ಇತ್ತೀಚಿನ ದಶಕಗಳಲ್ಲಿ ಅಮೆರಿಕದಲ್ಲಿರುವ ಆ ಜಪಾನಿ ಬೊಂಬೆಗಳಲ್ಲಿ ಹಲವು ಪ್ರದರ್ಶನಕ್ಕಾಗಿ, ದುರಸ್ತಿಗಾಗಿ ಜಪಾನಿಗೆ ಬಂದು ಹೋಗಿವೆ. ಬಿರುಕು ಬಿಟ್ಟ ಮುಖವನ್ನು ಸರಿಪಡಿಸುವ ಕೆಲಸ ಬಂದದ್ದು ಯೊಶಿತೊಕು ಅಂಗಡಿಗೇ. ಹೀಗೆ ಬರುವುದಕ್ಕೆ ಅಲ್ಲಿಯವರು ‘ಸಾತೊಗಾಎರಿ’ ಎನ್ನುತ್ತಾರೆ. ಮದುವೆಯಾದ ಮಗಳು ತವರಿಗೆ ಬಂದು ಹೋಗುವುದಕ್ಕೆ ಅವರ ಭಾಷೆಯಲ್ಲಿರುವ ಮಾತು ಅದು. ತವರಿಗೆ ಬಂದವಳ ಪೆಟ್ಟಿಗೆ, ಉಡುಪು, ಹಳೆಯ ಛಾಯಾಚಿತ್ರಗಳನ್ನು ಹೋಲಿಸಿ ನೋಡಿ, ಅವಳ ನಿಜವಾದ ಹೆಸರು ಯಾವುದೆಂದು ಈಗಲೂ ಹುಡುಕುತ್ತಿದ್ದಾರೆ.